ಈ ಪ್ಯಾಕೇಜ್ ಇಲ್ಲಿ ಯಾಕಿದೆ? ನೋಡ್ ಪ್ರಾಜೆಕ್ಟಿನ ಅನಗತ್ಯ ಡಿಪೆಂಡೆನ್ಸಿ ತೆಗೆಯುವ ಸಮಗ್ರ ಮಾರ್ಗದರ್ಶಿ

2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಒಂದು ಭದ್ರತಾ ಪಟ್ಟಿಗೆ ಇಮೇಲ್ ಕಳಿಸಿದರು. ಅವರ ಡೆಬಿಯನ್ ಲಿನಕ್ಸ್ ಯಂತ್ರದಲ್ಲಿ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಪ್ರವೇಶಿಸುವ ವಿಧಾನ) ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿತ್ತು. ಕಾರಣ ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಎಕ್ಸ್‌ಜೆಡ್ ಎಂಬ ಕಂಪ್ರೆಷನ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಬಚ್ಚಿಟ್ಟ ಹಿಂಬಾಗಿಲು. ಲಾಗಿನ್ ಸರ್ವರಿಗೂ ಕಂಪ್ರೆಷನ್ ಲೈಬ್ರರಿಗೂ ಏನು ನಂಟು? ಮೂಲ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಅಂಥ ನಂಟೇ ಇರಲಿಲ್ಲ. ಸರ್ವರ್ ಶುರುವಾಯಿತು ಎಂದು ಸಿಸ್ಟಮ್‌ಡಿಗೆ (ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ತಂತ್ರಾಂಶಕ್ಕೆ) ಒಂದು ಸಾಲಿನ ಸುದ್ದಿ ಮುಟ್ಟಿಸುವುದಕ್ಕಾಗಿ ಡೆಬಿಯನ್‌ನಂಥ ಕೆಲವು ಲಿನಕ್ಸ್ ಡಿಸ್ಟ್ರೋಗಳು ಅದಕ್ಕೆ ಲಿಬ್‌ಸಿಸ್ಟಮ್‌ಡಿ ಲೈಬ್ರರಿಯನ್ನು ಜೋಡಿಸಿದ್ದವು. ಆ ಲೈಬ್ರರಿ ತನ್ನ ಬೇರೆ ಕೆಲಸಕ್ಕೆಂದು ಎಕ್ಸ್‌ಜೆಡ್‌ನ ಲೈಬ್ರರಿಯನ್ನೂ ಜೊತೆಗೆ ಎಳೆದುಕೊಂಡು ಬಂದಿತ್ತು. ಅದೇ ವರ್ಷ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8 ಆ ಒಂದು ಸಾಲಿನ ಸುದ್ದಿಯನ್ನು ಯಾವ ಲೈಬ್ರರಿಯ ಹಂಗೂ ಇಲ್ಲದೆ ತಾನೇ ಕಳಿಸತೊಡಗಿತು.

ನಮ್ಮ ನಿಮ್ಮ ಪ್ರಾಜೆಕ್ಟುಗಳಲ್ಲೂ ಇಂಥ ಸರಪಳಿಗಳಿವೆ. ನಮ್ಮ ಕೋಡು ನೆಚ್ಚಿಕೊಂಡಿರುವ ಬೇರೆಯವರ ಪ್ಯಾಕೇಜನ್ನೇ ಡಿಪೆಂಡೆನ್ಸಿ ಎನ್ನುವುದು. ಪ್ಯಾಕೇಜ್ ತೆಗೆಯುವುದಕ್ಕೆ ಒಂದು ಕಮಾಂಡ್ ಸಾಕು. ಅದು ಯಾಕೆ ಬಂತು, ಈಗ ಅದನ್ನು ಯಾರು ಬಳಸುತ್ತಿದ್ದಾರೆ ಎಂದು ತಿಳಿಯುವುದೇ ನಿಜವಾದ ಕೆಲಸ. ಆ ಉತ್ತರ ಸಿಗುವ ಮೊದಲೇ ತೆಗೆದರೆ ಪ್ರೊಡಕ್ಷನ್ (ಬಳಕೆದಾರರು ನಿಜಕ್ಕೂ ಬಳಸುವ ವ್ಯವಸ್ಥೆ) ಬೀಳುತ್ತದೆ. ಉತ್ತರ ಹುಡುಕುವುದೇ ಬೇಡವೆಂದು ಬಿಟ್ಟರೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಈ ಮಾರ್ಗದರ್ಶಿಯ ಬಹುಪಾಲು ಆ ಉತ್ತರ ಹುಡುಕುವ ಬಗೆಗೇ ಇದೆ.

ಉದಾಹರಣೆಗೆ ನೋಡ್ (ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೆ ಓಡಿಸುವ ವೇದಿಕೆ) ಮತ್ತು ಅದರ ಪ್ಯಾಕೇಜುಗಳನ್ನು ತಂದುಕೊಡುವ ಎನ್‌ಪಿಎಂ ತೆಗೆದುಕೊಂಡಿದ್ದೇನೆ. ಈ ಸಮಸ್ಯೆ ಅತಿ ದಟ್ಟವಾಗಿರುವುದು ಅಲ್ಲೇ. ಪೈಥಾನ್, ಗೋ, ರಸ್ಟ್, ಜಾವಾ ಬಳಸುವವರಿಗೆ ಕೊನೆಯ ಭಾಗದಲ್ಲಿ ಚುಟುಕಾಗಿ ಹೇಳಿದ್ದೇನೆ. ಕಮಾಂಡುಗಳನ್ನು ಓದಿದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಯಾವುದು ಅನಗತ್ಯ?

ಎಲ್ಲ ಅನಗತ್ಯಗಳೂ ಒಂದೇ ಬಗೆಯವಲ್ಲ, ಒಂದೊಂದಕ್ಕೆ ಮದ್ದು ಬೇರೆ. ಕೋಡಿನಲ್ಲಿ ಎಲ್ಲೂ ಬಳಕೆಯಾಗದೆ ಪಟ್ಟಿಯಲ್ಲಿ ಮಾತ್ರ ಉಳಿದಿರುವುದು ಒಂದು ಬಗೆ. ಟೆಸ್ಟಿಗೋ ಬಿಲ್ಡಿಗೋ ಮಾತ್ರ ಬೇಕಾಗಿದ್ದು ಪ್ರೊಡಕ್ಷನ್ ಪಟ್ಟಿಯಲ್ಲಿ ಸೇರಿಕೊಂಡಿರುವುದು ಇನ್ನೊಂದು. ಐದು ವರ್ಷದ ಹಿಂದೆ ಬೇಕಿತ್ತು, ಈಗ ಆ ಕೆಲಸವನ್ನು ನೋಡ್ ತಾನೇ ಮಾಡುತ್ತದೆ ಎನ್ನುವುದು ಮೂರನೆಯದು. ಒಂದೇ ಕೆಲಸಕ್ಕೆ ಎರಡು ಮೂರು ಪ್ಯಾಕೇಜ್, ಅಥವಾ ಒಂದೇ ಪ್ಯಾಕೇಜಿನ ಹಲವು ಆವೃತ್ತಿ ಇರುವುದು ನಾಲ್ಕನೆಯದು.

ಇವುಗಳ ಜೊತೆಗೆ ತದ್ವಿರುದ್ಧವಾದ ಒಂದು ರೋಗವೂ ಇದೆ. ಕೋಡು ಒಂದು ಪ್ಯಾಕೇಜನ್ನು ಬಳಸುತ್ತಿರುತ್ತದೆ, ಆದರೆ ಡಿಪೆಂಡೆನ್ಸಿಗಳ ಪಟ್ಟಿಯಿರುವ ಪ್ಯಾಕೇಜ್.ಜೇಸನ್‌ನಲ್ಲಿ ಅದರ ಹೆಸರೇ ಇರುವುದಿಲ್ಲ. ಬೇರೆ ಯಾವುದೋ ಪ್ಯಾಕೇಜಿನ ಬೆನ್ನಿಗೆ ಬಿದ್ದು ಬಂದದ್ದನ್ನು ನಮ್ಮ ಕೋಡು ಇಂಪೋರ್ಟ್ ಮಾಡಿಕೊಂಡಿರುತ್ತದೆ. ಶುಚಿ ಮಾಡುವ ಹೊತ್ತಿನಲ್ಲಿ ಮೊದಲು ಒಡೆಯುವುದು ಇಂಥ ಜಾಗಗಳೇ, ಆದ್ದರಿಂದ ಇದನ್ನು ಮೊದಲೇ ಸರಿಪಡಿಸಬೇಕು.

ಹಂತ 1: ಈಗಿನ ಸ್ಥಿತಿಯನ್ನು ಬರೆದಿಟ್ಟುಕೊಳ್ಳಿ

ಹೊಸ ಬ್ರಾಂಚ್ ತೆರೆಯಿರಿ. ಪ್ಯಾಕೇಜುಗಳು ಬಂದು ಕೂರುವ ನೋಡ್_ಮಾಡ್ಯೂಲ್ಸ್ ಫೋಲ್ಡರನ್ನು ಅಳಿಸಿ ‘ಎನ್‌ಪಿಎಂ ಸಿಐ’ ಓಡಿಸಿ. ಪ್ರತಿ ಪ್ಯಾಕೇಜಿನ ನಿಖರ ಆವೃತ್ತಿಯನ್ನು ಬರೆದಿಡುವ ಲಾಕ್‌ಫೈಲಿನಲ್ಲಿ ಏನಿದೆಯೋ ಅದನ್ನೇ ಅದು ಇನ್‌ಸ್ಟಾಲ್ ಮಾಡುತ್ತದೆ. ಆಮೇಲೆ ಟೈಪ್ ಚೆಕ್, ಟೆಸ್ಟ್, ಬಿಲ್ಡ್ ಮೂರನ್ನೂ ಓಡಿಸಿ. ಏನನ್ನೂ ಮುಟ್ಟುವ ಮೊದಲೇ ಟೆಸ್ಟ್ ಕೆಂಪಾಗಿದ್ದರೆ ಅದನ್ನು ಹಸಿರಾಗಿಸುವ ತನಕ ಮುಂದೆ ಹೋಗಬೇಡಿ. ಇಲ್ಲದಿದ್ದರೆ ಮುಂದೆ ಒಡೆದದ್ದು ನಿಮ್ಮಿಂದಲೋ ಮೊದಲಿಂದಲೋ ಗೊತ್ತಾಗುವುದಿಲ್ಲ.

ಕೆಲವು ಅಳತೆಗಳನ್ನೂ ತೆಗೆದಿಡಿ. ನೋಡ್_ಮಾಡ್ಯೂಲ್ಸ್ ಎಷ್ಟು ದೊಡ್ಡದಿದೆ ಎಂದು ‘ಡಿಯು -ಎಸ್‌ಎಚ್’ ಹೇಳುತ್ತದೆ. ‘ಎನ್‌ಪಿಎಂ ಎಲ್ಎಸ್ --ಆಲ್’ ಪೂರ್ತಿ ಮರವನ್ನು ಬಿಡಿಸಿ ತೋರಿಸುತ್ತದೆ. ಅದಕ್ಕೆ ‘--ಒಮಿಟ್=ಡೆವ್’ ಸೇರಿಸಿದರೆ ಪ್ರೊಡಕ್ಷನ್‌ಗೆ ಹೋಗುವುದಷ್ಟೇ ಕಾಣುತ್ತದೆ. ಡಾಕರ್ ಇಮೇಜ್ ಇದ್ದರೆ ಅದರ ಗಾತ್ರ, ಸಿಐ (ಪ್ರತಿ ಬದಲಾವಣೆಗೂ ಟೆಸ್ಟ್, ಬಿಲ್ಡ್ ತಾನಾಗಿ ನಡೆಸುವ ವ್ಯವಸ್ಥೆ) ಓಡಲು ಹಿಡಿಯುವ ಸಮಯ, ಫ್ರಂಟ್‌ಎಂಡ್ ಆಗಿದ್ದರೆ ಬಂಡಲ್ (ಬ್ರೌಸರಿಗೆ ಹೋಗುವ ಒಟ್ಟುಗೂಡಿಸಿದ ಕೋಡು) ಗಾತ್ರ. ಇವನ್ನು ಪುಲ್ ರಿಕ್ವೆಸ್ಟಿನ ವಿವರಣೆಯಲ್ಲಿ ಹಾಕಿದರೆ, ಈ ಕೆಲಸಕ್ಕೆ ಸಮಯ ಯಾಕೆ ಬೇಕು ಎಂದು ಮ್ಯಾನೇಜರಿಗೆ ಬೇರೆ ವಿವರಿಸಬೇಕಾಗುವುದಿಲ್ಲ.

ಲಾಕ್‌ಫೈಲನ್ನು ಮಾತ್ರ ಅಳಿಸಬೇಡಿ. “ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಸರಿಹೋಗುತ್ತದೆ” ಎಂಬ ಸಲಹೆಯನ್ನು ಬಹಳ ಮಂದಿ ಕೊಡುತ್ತಾರೆ. ಹಾಗೆ ಮಾಡಿದರೆ ನೀವು ಒಂದು ಪ್ಯಾಕೇಜ್ ತೆಗೆದ ಅದೇ ಹೊತ್ತಿಗೆ ಉಳಿದ ನೂರಾರು ಪ್ಯಾಕೇಜುಗಳ ಆವೃತ್ತಿಯೂ ಮೇಲೇರಿರುತ್ತದೆ. ಏನಾದರೂ ಒಡೆದರೆ ಯಾವುದರಿಂದ ಒಡೆಯಿತು ಎಂದು ಹುಡುಕುವ ದಾರಿಯೇ ಮುಚ್ಚಿಹೋಗುತ್ತದೆ.

ಹಂತ 2: ಪಟ್ಟಿಯನ್ನು ಕಣ್ಣಾರೆ ಓದಿ

ಟೂಲ್ ಓಡಿಸುವ ಮೊದಲು ಪ್ಯಾಕೇಜ್.ಜೇಸನ್ ತೆರೆದು ಮೇಲಿಂದ ಕೆಳಗೆ ಒಮ್ಮೆ ಓದಿ. ನೇರವಾಗಿ ಸೇರಿಸಿದ ಪ್ಯಾಕೇಜುಗಳು ಸಾಮಾನ್ಯವಾಗಿ ಒಂದೆರಡು ಪರದೆಯಲ್ಲಿ ಮುಗಿಯುತ್ತವೆ. ಪ್ರತಿಯೊಂದರ ಎದುರು ಅದರ ಕೆಲಸವನ್ನು ಒಂದು ಸಾಲಿನಲ್ಲಿ ಬರೆಯಲು ಯತ್ನಿಸಿ. ಬರೆಯಲಾಗದ ಹೆಸರುಗಳನ್ನು ಬೇರೆ ಮಾಡಿ.

ಆ ಹೆಸರುಗಳ ಹಿನ್ನೆಲೆ ಗಿಟ್‌ನಲ್ಲಿದೆ. ‘ಗಿಟ್ ಲಾಗ್ -ಎಸ್’ ಎಂಬುದಕ್ಕೆ (ಎಸ್ ದೊಡ್ಡಕ್ಷರ) ಪ್ಯಾಕೇಜಿನ ಹೆಸರನ್ನು ಅಂಟಿಸಿ, ಕೊನೆಯಲ್ಲಿ ಎರಡು ಅಡ್ಡಗೆರೆ ಹಾಕಿ ಪ್ಯಾಕೇಜ್.ಜೇಸನ್ ಎಂದು ಕೊಟ್ಟರೆ, ಆ ಹೆಸರು ಆ ಫೈಲಿಗೆ ಬಂದ ಮತ್ತು ಹೋದ ಕಮಿಟುಗಳಷ್ಟೇ ಬರುತ್ತವೆ. ಪಟ್ಟಿಯ ಕೊನೆಯಲ್ಲಿರುವುದೇ ಮೊಟ್ಟಮೊದಲು ಸೇರಿಸಿದ ಕಮಿಟ್. ಅದನ್ನು ‘ಗಿಟ್ ಶೋ’ ಮಾಡಿ ನೋಡಿ. ಪ್ಯಾಕೇಜಿನ ಜೊತೆ ಅದೇ ಕಮಿಟಿನಲ್ಲಿ ಯಾವ ಫೈಲುಗಳು ಬಂದವು ಎಂಬುದೇ ಅರ್ಧ ಉತ್ತರ. ಆ ಫೈಲುಗಳು ಈಗ ಇಲ್ಲವೆಂದಾದರೆ ಪ್ಯಾಕೇಜು ಅನಾಥವಾಗಿ ಉಳಿದಿರುವ ಸಾಧ್ಯತೆ ಹೆಚ್ಚು. ಕಮಿಟ್ ಮೆಸೇಜಿನಲ್ಲಿ ಟಿಕೆಟ್ ಸಂಖ್ಯೆ ಇದ್ದರೆ ಇನ್ನೂ ಒಳ್ಳೆಯದು. ಸೇರಿಸಿದವರು ಇನ್ನೂ ತಂಡದಲ್ಲಿದ್ದರೆ ನೇರವಾಗಿ ಕೇಳಿ. ಎರಡು ನಿಮಿಷದ ಮಾತು ಅರ್ಧ ದಿನದ ಹುಡುಕಾಟ ಉಳಿಸುತ್ತದೆ.

ಈ ಹಂತವನ್ನು ಹಾರಿಸಿ ನೇರ ಟೂಲಿಗೆ ಹೋಗುವವರೇ ಹೆಚ್ಚು. ಯಾವ ಫೈಲಿನಲ್ಲಿ ಯಾವ ಹೆಸರಿದೆ ಎಂದು ಟೂಲ್ ಹೇಳೀತು. ಒಂದು ಕಾಲದಲ್ಲಿ ಗ್ರಾಹಕರೊಬ್ಬರ ಹಳೆಯ ಬ್ರೌಸರಿಗಾಗಿ ಸೇರಿಸಿದ ಪಾಲಿಫಿಲ್ (ಬ್ರೌಸರಿನಲ್ಲಿಲ್ಲದ ಸೌಲಭ್ಯವನ್ನು ತುಂಬಿಕೊಡುವ ಕೋಡು) ಇದು, ಆ ಗ್ರಾಹಕರು ಈಗ ಇಲ್ಲ ಎಂಬ ಸಂಗತಿಯನ್ನು ಇತಿಹಾಸ ಮಾತ್ರ ಹೇಳಬಲ್ಲದು.

ಹಂತ 3: ಕ್ನಿಪ್ ಓಡಿಸಿ, ಅದರ ಮಾತನ್ನು ಪರೀಕ್ಷಿಸಿ

ಬಹುಕಾಲ ಈ ಕೆಲಸಕ್ಕೆ ಎಲ್ಲರೂ ಬಳಸುತ್ತಿದ್ದದ್ದು ಡೆಪ್‌ಚೆಕ್. ಇವತ್ತು ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದು ಕ್ನಿಪ್. ‘ಎನ್‌ಪಿಎಕ್ಸ್ ಕ್ನಿಪ್’ ಎಂದರೆ ಸಾಕು, ಪ್ರಾಜೆಕ್ಟಿನ ಎಂಟ್ರಿ ಫೈಲುಗಳಿಂದ ಹೊರಟು ಇಂಪೋರ್ಟುಗಳ ಜಾಡು ಹಿಡಿದು ಹೋಗುತ್ತದೆ. ಇಎಸ್‌ಲಿಂಟ್, ಜೆಸ್ಟ್, ವೀಟ್, ನೆಕ್ಸ್ಟ್ ಮುಂತಾದವುಗಳ ಕಾನ್ಫಿಗ್ ಫೈಲುಗಳನ್ನೂ ಅದು ಓದಬಲ್ಲದು. ಕೊನೆಗೆ ಬಳಕೆಯಿಲ್ಲದ ಫೈಲುಗಳು, ಬಳಕೆಯಿಲ್ಲದ ಡಿಪೆಂಡೆನ್ಸಿಗಳು, ಪಟ್ಟಿಯಲ್ಲಿಲ್ಲದೆ ಬಳಕೆಯಾಗುತ್ತಿರುವವು, ಯಾರೂ ಬಳಸದ ಎಕ್ಸ್‌ಪೋರ್ಟುಗಳು ಎಂದು ಬೇರೆ ಬೇರೆ ಗುಂಪು ಮಾಡಿ ಕೊಡುತ್ತದೆ.

ಮೊದಲ ಸಲ ಓಡಿಸಿದಾಗ ಪಟ್ಟಿ ಗಾಬರಿಯಾಗುವಷ್ಟು ಉದ್ದ ಬರಬಹುದು. ಕಾನ್ಫಿಗ್‌ನಲ್ಲಿ ಎಂಟ್ರಿ ಫೈಲುಗಳನ್ನು ಸರಿಯಾಗಿ ಹೇಳಿಲ್ಲದಿರುವುದು ಇದಕ್ಕೆ ಸಾಮಾನ್ಯ ಕಾರಣ. ಸರ್ವರಿನ ಮುಖ್ಯ ಫೈಲಿನ ಜೊತೆಗೆ ಕ್ರಾನ್ ಕೆಲಸದ ಸ್ಕ್ರಿಪ್ಟುಗಳು, ಡೇಟಾಬೇಸ್ ಮೈಗ್ರೇಷನ್‌ಗಳು, ಕ್ಯೂ ವರ್ಕರುಗಳು ಬೇರೆ ಬೇರೆ ಬಾಗಿಲಿಂದ ಶುರುವಾಗುತ್ತವೆ. ಅವೆಲ್ಲವನ್ನೂ ಕ್ನಿಪ್‌ಗೆ ತೋರಿಸಿ ಮತ್ತೊಮ್ಮೆ ಓಡಿಸಿ.

ಆಮೇಲೆ ಬಳಕೆಯಿಲ್ಲದ ಫೈಲುಗಳಿಂದ ಶುರುಮಾಡಿ. ಯಾರೂ ಕರೆಯದ ಫೈಲೊಂದು ಒಂದು ಪ್ಯಾಕೇಜನ್ನು ಇಂಪೋರ್ಟ್ ಮಾಡುತ್ತಿದ್ದು, ನೀವು ಪ್ಯಾಕೇಜ್ ಮಾತ್ರ ತೆಗೆದರೆ ಟೈಪ್‌ಸ್ಕ್ರಿಪ್ಟ್ ಕಂಪೈಲ್ ಆಗುವುದಿಲ್ಲ. ಸತ್ತ ಫೈಲು ಮೊದಲು ಹೋಗಬೇಕು, ಅದು ಹಿಡಿದಿಟ್ಟ ಪ್ಯಾಕೇಜು ಆಮೇಲೆ.

ಈಗ ಎಚ್ಚರದ ಮಾತು. ಕ್ನಿಪ್ ಕೊಟ್ಟದ್ದು ಅನುಮಾನಿತರ ಪಟ್ಟಿ, ತೀರ್ಪಲ್ಲ. ಕೋಡಿನಲ್ಲಿ ಇಂಪೋರ್ಟ್ ಎಂಬ ಪದವೇ ಇಲ್ಲದೆ ಬಳಕೆಯಾಗುವ ಪ್ಯಾಕೇಜುಗಳು ಬೇಕಾದಷ್ಟಿವೆ. ಒಂದನ್ನು ಹತ್ತಿರದಿಂದ ನೋಡೋಣ.

ಎಕ್ಸ್‌ಪ್ರೆಸ್ ಸರ್ವರಿನಲ್ಲಿ ಪಗ್ ಟೆಂಪ್ಲೇಟ್ (ಎಚ್‌ಟಿಎಂಎಲ್ ಪುಟ ತಯಾರಿಸುವ ಪ್ಯಾಕೇಜ್) ಬಳಸುವಾಗ ನಾವು ಬರೆಯುವುದು ಆಪ್.ಸೆಟ್ ಎಂಬ ಒಂದೇ ಸಾಲು. ಅದರಲ್ಲಿ ‘ವ್ಯೂ ಎಂಜಿನ್’ ಮತ್ತು ‘ಪಗ್’ ಎಂಬ ಎರಡು ಸ್ಟ್ರಿಂಗುಗಳು. ಪಗ್ ಅನ್ನು ರಿಕ್ವೈರ್ ಮಾಡುವುದು ಎಕ್ಸ್‌ಪ್ರೆಸ್, ಅದೂ ಓಡುವಾಗ, ಆ ಸ್ಟ್ರಿಂಗನ್ನು ನೋಡಿಕೊಂಡು. ಇಂಪೋರ್ಟುಗಳನ್ನಷ್ಟೇ ಹುಡುಕುವ ಟೂಲಿನ ಕಣ್ಣಿಗೆ ಪಗ್ ಯಾರಿಗೂ ಬೇಡದ ಪ್ಯಾಕೇಜ್. ತೆಗೆದುಬಿಟ್ಟರೆ ಬಿಲ್ಡ್ ಆಗುತ್ತದೆ, ಸರ್ವರ್ ಶುರುವಾಗುತ್ತದೆ, ಹೆಲ್ತ್ ಚೆಕ್ ಕೂಡ ಹಸಿರು ತೋರಿಸುತ್ತದೆ. ಯಾರೋ ಬಳಕೆದಾರರು ಮೊದಲ ಪುಟ ತೆರೆದ ಕ್ಷಣದಲ್ಲಿ ಮಾಡ್ಯೂಲ್ ಸಿಗಲಿಲ್ಲವೆಂಬ ಎರರ್ ಬರುತ್ತದೆ. ಟೆಸ್ಟುಗಳು ಎಪಿಐಗಳನ್ನಷ್ಟೇ ಪರೀಕ್ಷಿಸಿ ಪುಟಗಳನ್ನು ಬಿಟ್ಟಿದ್ದರೆ ಇದು ಸಿಗುವುದು ಪ್ರೊಡಕ್ಷನ್‌ನಲ್ಲೇ.

ಇದೇ ಜಾತಿಯ ಇನ್ನೂ ಕೆಲವಿವೆ. ಕ್ನೆಕ್ಸ್ ಅಥವಾ ಸೀಕ್ವೆಲೈಜ್ ಬಳಸಿದರೆ ಪೋಸ್ಟ್‌ಗ್ರೆಸ್ ಡ್ರೈವರ್ ಆದ ಪಿಜಿ ಕಾನ್ಫಿಗ್‌ನಲ್ಲಿ ಕೊಟ್ಟ ಹೆಸರಿನ ಮೇಲೆ ಲೋಡ್ ಆಗುತ್ತದೆ. ಪಿನೋ ಲಾಗರಿಗೆ ಪಿನೋ-ಪ್ರೆಟಿಯನ್ನು ಸ್ಟ್ರಿಂಗ್ ಆಗಿಯೇ ಕೊಡುತ್ತೇವೆ. ಕ್ರಾಸ್-ಎನ್ವ್‌ನಂಥವು ಪ್ಯಾಕೇಜ್.ಜೇಸನ್‌ನ ಸ್ಕ್ರಿಪ್ಟುಗಳಲ್ಲಿ ಮಾತ್ರ ಕಾಣಿಸುತ್ತವೆ, ಕೆಲವು ಡಾಕರ್‌ಫೈಲಿನಲ್ಲೋ ಸಿಐ ಕಾನ್ಫಿಗ್‌ನಲ್ಲೋ ಮಾತ್ರ. ಇನ್ನೊಂದು ಪ್ಯಾಕೇಜಿನ ಪಿಯರ್ ಡಿಪೆಂಡೆನ್ಸಿಯಾಗಿ (ನಮ್ಮ ಪ್ರಾಜೆಕ್ಟಿನಲ್ಲಿ ತನ್ನ ಜೊತೆಗೆ ಇರಬೇಕೆಂದು ಅದು ಕೇಳುವ ಪ್ಯಾಕೇಜಾಗಿ) ಇರಲೇಬೇಕಾದವೂ ಇವೆ. ಕ್ನಿಪ್ ಇವುಗಳಲ್ಲಿ ಹಲವನ್ನು ಗುರುತಿಸುತ್ತದೆ, ಎಲ್ಲವನ್ನೂ ಅಲ್ಲ. ಆದ್ದರಿಂದ ಪಟ್ಟಿಯಲ್ಲಿ ಬಂದ ಪ್ರತಿ ಹೆಸರನ್ನೂ ‘ಗಿಟ್ ಗ್ರೆಪ್’ ಮಾಡಿ ಇಡೀ ರಿಪೊದಲ್ಲಿ ಹುಡುಕಿ. ಜೇಸನ್, ಯಾಮಲ್, ಶೆಲ್ ಸ್ಕ್ರಿಪ್ಟ್, ಡಾಕರ್‌ಫೈಲ್ ಯಾವುದನ್ನೂ ಬಿಡಬೇಡಿ. ಆಮೇಲೆ ‘ಎನ್‌ಪಿಎಂ ಎಕ್ಸ್‌ಪ್ಲೇನ್’ ಎಂದು ಹೆಸರು ಕೊಟ್ಟು ನೋಡಿ. ಆ ಪ್ಯಾಕೇಜು ಮರದಲ್ಲಿ ಯಾರ ಯಾರ ಮೂಲಕ ಬಂದಿದೆ ಎಂದು ಬುಡದವರೆಗೆ ತೋರಿಸುತ್ತದೆ, ಪಿಯರ್ ಎಂದು ಯಾರಾದರೂ ಕೇಳಿದ್ದರೆ ಅದೂ ಕಾಣುತ್ತದೆ.

ಹಂತ 4: ಒಂದೊಂದಾಗಿ ತೆಗೆಯಿರಿ

ಮೊದಲು ಪಟ್ಟಿಯಲ್ಲಿಲ್ಲದೆ ಬಳಕೆಯಾಗುತ್ತಿರುವವನ್ನು ಪ್ಯಾಕೇಜ್.ಜೇಸನ್‌ಗೆ ಸೇರಿಸಿ. ಶುಚಿ ಮಾಡಲು ಬಂದವರು ಸೇರಿಸುತ್ತ ಕೂತದ್ದು ವಿಚಿತ್ರವೆನಿಸಬಹುದು, ಆದರೆ ಇದರ ಹಿಂದೆ ಕಾರಣವಿದೆ. ಎನ್‌ಪಿಎಂ ಎಲ್ಲ ಪ್ಯಾಕೇಜುಗಳನ್ನೂ ಆದಷ್ಟು ಮೇಲಿನ ಮಟ್ಟಕ್ಕೆ ತಂದು ಒಂದೇ ಫೋಲ್ಡರಿನಲ್ಲಿ ಹರಡಿ ಇಡುತ್ತದೆ. ಹಾಗಾಗಿ ನೀವು ಕೇಳದ ಪ್ಯಾಕೇಜನ್ನೂ ನಿಮ್ಮ ಕೋಡು ಇಂಪೋರ್ಟ್ ಮಾಡಬಲ್ಲದು. ಉದಾಹರಣೆಗೆ, ಕೋಡಿನಲ್ಲಿ ಲೋಡ್ಯಾಶ್ ಬಳಸಿದ್ದೀರಿ, ಅದು ಬಂದಿರುವುದು ಒಂದು ಹಳೆಯ ರಿಪೋರ್ಟ್ ಲೈಬ್ರರಿಯ ಜೊತೆಗೆ ಎಂದಿಟ್ಟುಕೊಳ್ಳಿ. ರಿಪೋರ್ಟ್ ಲೈಬ್ರರಿ ತೆಗೆದ ದಿನ ಲೋಡ್ಯಾಶ್ ಕೂಡ ಹೋಗುತ್ತದೆ, ಸಂಬಂಧವೇ ಇಲ್ಲದ ಫೈಲೊಂದು ಒಡೆಯುತ್ತದೆ. ಇಂಥದಕ್ಕೆ ಶಾಶ್ವತ ಪರಿಹಾರ ಬೇಕೆಂದರೆ ಪಿಎನ್‌ಪಿಎಂಗೆ ಹೋಗುವುದನ್ನು ಯೋಚಿಸಿ. ಅದು ನೀವು ಘೋಷಿಸಿದ್ದನ್ನು ಮಾತ್ರ ನಿಮ್ಮ ಕೋಡಿಗೆ ಕಾಣಿಸುತ್ತದೆ.

ಇದಾದ ಮೇಲೆ ತೆಗೆಯುವ ಕೆಲಸ. ‘ಎನ್‌ಪಿಎಂ ಅನ್‌ಇನ್‌ಸ್ಟಾಲ್’ ಮಾಡಿ, ನೋಡ್_ಮಾಡ್ಯೂಲ್ಸ್ ಅಳಿಸಿ ‘ಎನ್‌ಪಿಎಂ ಸಿಐ’ ಓಡಿಸಿ, ಟೈಪ್ ಚೆಕ್, ಟೆಸ್ಟ್, ಬಿಲ್ಡ್ ಮಾಡಿ, ಆಮೇಲೆ ಪ್ರೊಡಕ್ಷನ್ ಮೋಡಿನಲ್ಲಿ ನಿಜಕ್ಕೂ ಶುರುಮಾಡಿ ಒಂದೆರಡು ಪುಟ ತೆರೆದು ನೋಡಿ. ಸರಿಯಿದ್ದರೆ ಕಮಿಟ್. ಒಂದು ಪ್ಯಾಕೇಜಿಗೆ ಒಂದು ಕಮಿಟ್, ಮೆಸೇಜಿನಲ್ಲಿ ತೆಗೆದ ಕಾರಣ. ಒಟ್ಟಿಗೆ ಇಪ್ಪತ್ತು ತೆಗೆದು ಒಂದೇ ಕಮಿಟ್ ಮಾಡಿದರೆ ಎರಡು ವಾರದ ನಂತರ ಬಂದ ದೂರಿಗೆ ಇಪ್ಪತ್ತನ್ನೂ ವಾಪಸ್ ತರಬೇಕಾಗುತ್ತದೆ. ಬಿಡಿಬಿಡಿಯಾಗಿದ್ದರೆ ‘ಗಿಟ್ ಬೈಸೆಕ್ಟ್’ ಕೆಲವೇ ಹೆಜ್ಜೆಯಲ್ಲಿ ತಪ್ಪಿತಸ್ಥ ಕಮಿಟನ್ನು ಹಿಡಿದುಕೊಡುತ್ತದೆ, ಅದೊಂದನ್ನೇ ರಿವರ್ಟ್ ಮಾಡಿದರಾಯಿತು.

ಪ್ಯಾಕೇಜಿನ ಜೊತೆ ಬಂದ ಬಾಲಂಗೋಚಿಗಳನ್ನು ಮರೆಯಬೇಡಿ. ಅದರ ಟೈಪ್‌ಗಳ ಪ್ಯಾಕೇಜ್, ಕಾನ್ಫಿಗ್ ಫೈಲು, ಎನ್ವಿರಾನ್‌ಮೆಂಟ್ ವೇರಿಯಬಲ್, ರೀಡ್‌ಮೀಯಲ್ಲಿನ ಸೂಚನೆ, ಡಾಕರ್‌ಫೈಲಿನಲ್ಲಿ ಅದಕ್ಕಾಗಿಯೇ ಹಾಕಿದ ಸಿಸ್ಟಮ್ ಲೈಬ್ರರಿ. ನೇಟಿವ್ ಕೋಡಿರುವ ಪ್ಯಾಕೇಜೊಂದನ್ನು ತೆಗೆದ ಮೇಲೆ ಪೈಥಾನ್ ಮತ್ತು ಸಿ++ ಕಂಪೈಲರುಗಳು ಇಮೇಜಿನಲ್ಲಿ ಬೇಕೇ ಇಲ್ಲ ಎಂದು ಗೊತ್ತಾಗುವುದುಂಟು. ಆ ಇಮೇಜಿನಲ್ಲಿ ಪ್ಯಾಕೇಜಿಗಿಂತ ದೊಡ್ಡ ಉಳಿತಾಯ ಅದೇ.

ಹಂತ 5: ಡೆವ್ ಮತ್ತು ಪ್ರೊಡಕ್ಷನ್ ಬೇರೆ ಮಾಡಿ

ಟೈಪ್‌ಸ್ಕ್ರಿಪ್ಟ್, ಇಎಸ್‌ಲಿಂಟ್, ಜೆಸ್ಟ್, ನೋಡ್‌ಮಾನ್ ಇವೆಲ್ಲ ಡೆವ್ (ಕೋಡು ಬರೆಯುವ ಹೊತ್ತಿಗೆ ಮಾತ್ರ ಬೇಕಾದ) ಡಿಪೆಂಡೆನ್ಸಿಗಳಲ್ಲಿ ಇರಬೇಕಾದವು. ಸರಿಯಾಗಿ ಬೇರೆ ಮಾಡಿದ್ದೀರಾ ಎಂದು ನೋಡಲು ಒಂದೇ ಪರೀಕ್ಷೆ ಸಾಕು. ಮೊದಲು ಪೂರ್ತಿ ಇನ್‌ಸ್ಟಾಲ್ ಮಾಡಿ ಬಿಲ್ಡ್ ಮಾಡಿ. ಆಮೇಲೆ ‘ಎನ್‌ಪಿಎಂ ಸಿಐ --ಒಮಿಟ್=ಡೆವ್’ ಓಡಿಸಿ ಸರ್ವರ್ ಶುರುಮಾಡಿ. ಎದ್ದು ನಿಂತು ಕೆಲಸ ಮಾಡಿದರೆ ಸರಿ. ಡಾಕರ್ ಬಳಸುವವರು ಬಿಲ್ಡಿಗೆ ಒಂದು ಸ್ಟೇಜ್, ಓಡಿಸಲು ಇನ್ನೊಂದು ಸ್ಟೇಜ್ ಮಾಡಿಕೊಂಡರೆ ಈ ಪರೀಕ್ಷೆ ಪ್ರತಿ ಬಿಲ್ಡಿನಲ್ಲೂ ತಾನಾಗಿ ನಡೆಯುತ್ತದೆ. ಬೇರೆಯವರಿಗೆ ಲೈಬ್ರರಿ ಪ್ರಕಟಿಸುವವರಿಗೆ ಮಾತ್ರ ಒಂದು ವಿನಾಯಿತಿ: ನಿಮ್ಮ ಟೈಪ್ ಫೈಲುಗಳು ಬೇರೆ ಪ್ಯಾಕೇಜಿನ ಟೈಪ್‌ಗಳನ್ನು ಹೊರಗೆ ತೋರಿಸುತ್ತಿದ್ದರೆ ಆ ಟೈಪ್ ಪ್ಯಾಕೇಜ್ ಮುಖ್ಯ ಪಟ್ಟಿಯಲ್ಲೇ ಇರಬೇಕು.

ಹಂತ 6: ನೋಡ್ ತಾನೇ ಮಾಡುವ ಕೆಲಸಗಳು

2016ರ ಮಾರ್ಚ್ 22ರಂದು ಲೆಫ್ಟ್-ಪ್ಯಾಡ್ ಎಂಬ ಪ್ಯಾಕೇಜನ್ನು ಅದರ ಕರ್ತೃ ಎನ್‌ಪಿಎಂನಿಂದ ತೆಗೆದರು. ಸ್ಟ್ರಿಂಗಿನ ಎಡಕ್ಕೆ ಖಾಲಿ ಜಾಗ ತುಂಬುವ 11 ಸಾಲಿನ ಕೋಡು ಅದು. ಬೇಬಲ್ ಸೇರಿದಂತೆ ಲೆಕ್ಕವಿಲ್ಲದಷ್ಟು ಪ್ರಾಜೆಕ್ಟುಗಳ ಬಿಲ್ಡುಗಳು ಕೂಡಲೇ ನಿಂತವು. ಮುಂದಿನ ವರ್ಷ ಅದೇ ಕೆಲಸ ಮಾಡುವ ಪ್ಯಾಡ್‌ಸ್ಟಾರ್ಟ್ ಜಾವಾಸ್ಕ್ರಿಪ್ಟ್ ಭಾಷೆಯಲ್ಲೇ ಸೇರಿತು. ಆ ಬಳಿಕ ಭಾಷೆಗೂ ನೋಡ್‌ಗೂ ಇನ್ನೆಷ್ಟೋ ಸೌಲಭ್ಯಗಳು ಬಂದಿವೆ, ಆದರೆ ಹಳೆಯ ಪ್ರಾಜೆಕ್ಟುಗಳಲ್ಲಿ ಹಳೆಯ ಪ್ಯಾಕೇಜುಗಳು ಹಾಗೇ ಕೂತಿವೆ.

ಕೆಲವು ಬದಲಾವಣೆ ಸರಳ. ಎಂಕೆಡಿರ್‌ಪಿ ಬದಲಿಗೆ ಎಫ್‌ಎಸ್.ಎಂಕೆಡಿರ್‌ಗೆ ರಿಕರ್ಸಿವ್ ಆಯ್ಕೆ ಕೊಡಿ. ಕೋಡಿನೊಳಗಿನ ರಿಮ್‌ರಾಫ್ ಬದಲಿಗೆ ಎಫ್‌ಎಸ್.ಆರ್‌ಎಂ ಇದೆ. ಯಾದೃಚ್ಛಿಕ ಯುಯುಐಡಿ ಮಾತ್ರ ಬೇಕಿದ್ದರೆ ಕ್ರಿಪ್ಟೋ ಮಾಡ್ಯೂಲಿನ ರ‍್ಯಾಂಡಮ್‌ಯುಯುಐಡಿ ಸಾಕು. ಡಾಟ್‌ಎನ್ವ್ ಬದಲಿಗೆ ನೋಡ್ 20.6ರಿಂದ ‘--ಎನ್ವ್-ಫೈಲ್’ ಆಯ್ಕೆ ಇದೆ, ನೋಡ್‌ಮಾನ್ ಬದಲಿಗೆ ‘--ವಾಚ್’.

ಇನ್ನು ಕೆಲವಕ್ಕೆ ಮೇಲ್ನೋಟದಲ್ಲಿ ಒಂದೇ ಥರ ಕಾಣುವ ಆದರೆ ನಡವಳಿಕೆ ಬೇರೆಯಾದ ಬದಲಿ ಇದೆ, ಅಲ್ಲಿ ನಿಧಾನಿಸಬೇಕು. ಎಚ್‌ಟಿಟಿಪಿ ಕರೆ ಮಾಡುವ ರಿಕ್ವೆಸ್ಟ್ ಪ್ಯಾಕೇಜ್ 2020ರ ಫೆಬ್ರವರಿಯಲ್ಲೇ ಡೆಪ್ರಿಕೇಟ್ ಆಗಿದೆ (ಇನ್ನು ಬಳಸಬೇಡಿ ಎಂದು ಘೋಷಿತವಾಗಿದೆ). ಅದೇ ಕೆಲಸಕ್ಕೆ ನೋಡ್ 18ರಿಂದ ಫೆಚ್ ಒಳಗೇ ಇದೆ. ಆದರೆ 404 ಬಂದಾಗ ಆಕ್ಸಿಯೋಸ್ ಎರರ್ ಎಸೆಯುತ್ತದೆ, ಫೆಚ್ ಎಸೆಯುವುದಿಲ್ಲ. ಉತ್ತರದ ಓಕೆ ಎಂಬ ಗುಣವನ್ನು ನೀವೇ ನೋಡಬೇಕು. ನೋಡ್-ಫೆಚ್ ಎರಡನೇ ಆವೃತ್ತಿಯಲ್ಲಿದ್ದ ಟೈಮ್‌ಔಟ್ ಆಯ್ಕೆ ಇದರಲ್ಲಿಲ್ಲ, ಅಬಾರ್ಟ್‌ಸಿಗ್ನಲ್.ಟೈಮ್‌ಔಟ್ ಕೊಡಬೇಕು. ಉತ್ತರದ ಬಾಡಿ ನೋಡ್‌ನ ಹಳೆಯ ಸ್ಟ್ರೀಮ್ ಅಲ್ಲ, ವೆಬ್ ಸ್ಟ್ರೀಮ್. ಅದನ್ನು ಪೈಪ್ ಮಾಡುವ ಕೋಡಿದ್ದರೆ ರೀಡಬಲ್.ಫ್ರಮ್‌ವೆಬ್ ಮೂಲಕ ಬದಲಿಸಿಕೊಳ್ಳಬೇಕು.

ದಿನಾಂಕಗಳನ್ನು ನಿಭಾಯಿಸುವ ಮೊಮೆಂಟ್ ಪ್ಯಾಕೇಜ್ ಬಗ್ಗೆ ಕನ್ನಡದಲ್ಲಿ ಆಪ್ ಬರೆಯುವವರಿಗೆ ವಿಶೇಷವಾಗಿ ಹೇಳಬೇಕು. ಹೊಸ ಸೌಲಭ್ಯ ಸೇರಿಸುವುದಿಲ್ಲ, ನಿರ್ವಹಣೆ ಮಾತ್ರ ಎಂದು ಆ ತಂಡವೇ 2020ರಲ್ಲಿ ಹೇಳಿತು. ಬಹಳಷ್ಟು ಪ್ರಾಜೆಕ್ಟುಗಳಲ್ಲಿ ಅದು ಉಳಿದಿರುವುದು ದಿನಾಂಕವನ್ನು ಕನ್ನಡದಲ್ಲಿ ತೋರಿಸುವುದಕ್ಕೆ, ಅದಕ್ಕೆ ಬೇಕಾದ ಕನ್ನಡ ಲೊಕೇಲ್ (ಆ ಭಾಷೆಯ ತಿಂಗಳ ಹೆಸರು, ಬರೆಯುವ ಕ್ರಮ ಮುಂತಾದವು) ಅದರಲ್ಲಿದೆ ಎಂಬ ಕಾರಣಕ್ಕೆ. ಈಗ ಆ ಕೆಲಸ ಇಂಟಲ್ ಎಂಬ ಒಳಗಿನ ಸೌಲಭ್ಯದಿಂದಲೇ ಆಗುತ್ತದೆ. ಇಂಟಲ್.ಡೇಟ್‌ಟೈಮ್‌ಫಾರ್ಮ್ಯಾಟ್‌ಗೆ ‘ಕೆಎನ್-ಐಎನ್’ ಲೊಕೇಲ್ ಕೊಟ್ಟು, ಡೇಟ್‌ಸ್ಟೈಲ್ ‘ಲಾಂಗ್’ ಎಂದು, ಟೈಮ್‌ಜೋನ್ ‘ಏಷ್ಯಾ/ಕೋಲ್ಕತಾ’ ಎಂದು ಹೇಳಿದರೆ ರಾಜ್ಯೋತ್ಸವದ ದಿನ ‘ನವೆಂಬರ್ 1, 2024’ ಎಂದು ಬರುತ್ತದೆ. ಲೊಕೇಲ್ ಹೆಸರಿನ ಕೊನೆಗೆ ‘-ಯು-ಎನ್‌ಯು-ಕೆಎನ್‌ಡಿಎ’ ಸೇರಿಸಿದರೆ ಅಂಕಿಗಳೂ ಕನ್ನಡದವಾಗಿ ‘ನವೆಂಬರ್ ೧, ೨೦೨೪’ ಆಗುತ್ತದೆ. ನೋಡ್ 13ರ ಹಿಂದೆ ಅಧಿಕೃತ ಬಿಲ್ಡಿನಲ್ಲಿ ಇಂಗ್ಲಿಷ್ ಲೊಕೇಲ್ ಮಾತ್ರ ಇರುತ್ತಿದ್ದುದರಿಂದ ಫುಲ್-ಐಸಿಯು ಎಂಬ ಪ್ಯಾಕೇಜನ್ನೂ ಸೇರಿಸಬೇಕಿತ್ತು. ಪಟ್ಟಿಯಲ್ಲಿ ಅದಿನ್ನೂ ಇದ್ದರೆ ಅದನ್ನೂ ತೆಗೆಯಿರಿ.

ಎರಡು ಎಚ್ಚರಿಕೆ. ಮೊಮೆಂಟ್‌ನ ಆಡ್, ಸಬ್‌ಟ್ರಾಕ್ಟ್ ಮೂಲ ವಸ್ತುವನ್ನೇ ಬದಲಿಸುತ್ತವೆ. ಡೇ.ಜೆಎಸ್‌ನಂಥ ಬದಲಿಗಳು ಹೊಸದನ್ನು ಹಿಂತಿರುಗಿಸುತ್ತವೆ. ಹಿಂತಿರುಗಿದ ಮೌಲ್ಯವನ್ನು ಹಿಡಿಯದೆ ಬಿಟ್ಟ ಸಾಲುಗಳು ಬದಲಾವಣೆಯ ನಂತರ ಸದ್ದಿಲ್ಲದೆ ತಪ್ಪು ದಿನಾಂಕ ಕೊಡುತ್ತವೆ, ಆ ಸಾಲುಗಳನ್ನು ಹುಡುಕಿ ತಿದ್ದಿ. ಇಂಟಲ್ ಕೊಡುವ ಪಠ್ಯ ಅದರ ಹಿಂದಿರುವ ಐಸಿಯು ಎಂಬ ಭಾಷಾ ಮಾಹಿತಿಯ ಲೈಬ್ರರಿಯ ಆವೃತ್ತಿಗೆ ತಕ್ಕಂತೆ ಬದಲಾಗಬಹುದು. ಐಸಿಯು 72 ಬಂದಾಗ ಇಂಗ್ಲಿಷ್ ಸಮಯದಲ್ಲಿ ಎಎಂ, ಪಿಎಂಗೆ ಮೊದಲು ಬರುತ್ತಿದ್ದ ಸಾಮಾನ್ಯ ಸ್ಪೇಸಿನ ಬದಲು ಇನ್ನೊಂದು ಬಗೆಯ ಕಿರಿದಾದ ಸ್ಪೇಸ್ ಬಂದು ಎಷ್ಟೋ ಟೆಸ್ಟುಗಳು ಬಿದ್ದವು. ಆ ಪಠ್ಯವನ್ನು ಜನರಿಗೆ ತೋರಿಸಲು ಬಳಸಿ, ಮತ್ತೆ ಓದಿ ದಿನಾಂಕ ಮಾಡಲು ಬಳಸಬೇಡಿ.

ಇಷ್ಟು ಹೇಳಿದ ಮೇಲೆ, ಎಲ್ಲವನ್ನೂ ನಾವೇ ಬರೆದುಕೊಳ್ಳಬೇಕೆಂಬ ಹುಮ್ಮಸ್ಸಿಗೆ ನನ್ನ ವಿರೋಧವಿದೆ. ಪಾಸ್‌ವರ್ಡ್ ಹ್ಯಾಷಿಂಗ್, ಬಳಕೆದಾರರು ಕೊಟ್ಟ ಎಚ್‌ಟಿಎಂಎಲ್ ಶುದ್ಧಗೊಳಿಸುವುದು, ಟೈಮ್‌ಜೋನ್ ಲೆಕ್ಕ, ಸಿಎಸ್‌ವಿ ಓದುವುದು ಇವುಗಳಲ್ಲಿ ಮೂಲೆಮುರುಕುಗಳು ಬಹಳ. ಸಿಎಸ್‌ವಿಯನ್ನು ಕಾಮಾದಲ್ಲಿ ಒಡೆದರಾಯಿತು ಎಂದುಕೊಂಡವರಿಗೆ ಉಲ್ಲೇಖ ಚಿಹ್ನೆಯೊಳಗೆ ಕಾಮಾ ಇರುವ ಮೊದಲ ವಿಳಾಸವೇ ಪಾಠ ಕಲಿಸುತ್ತದೆ. ಹತ್ತು ಸಾಲಿನ ಪ್ಯಾಕೇಜನ್ನು ತೆಗೆದು ಹತ್ತು ಸಾಲು ಬರೆದುಕೊಳ್ಳಿ. ವರ್ಷಗಟ್ಟಲೆ ದೋಷಗಳನ್ನು ತಿದ್ದಿಕೊಂಡು ಬಂದ ಪ್ಯಾಕೇಜನ್ನು ಒಂದು ಮಧ್ಯಾಹ್ನದಲ್ಲಿ ಬರೆಯಲು ಹೋಗಬೇಡಿ.

ಹಂತ 7: ಒಳಗಿನ ಪದರಗಳು

ನೇರ ಪಟ್ಟಿ ಸರಿಯಾದ ಮೇಲೆ ಅದರ ಕೆಳಗಿನದನ್ನು ನೋಡಿ. ‘ಎನ್‌ಪಿಎಂ ಎಲ್ಎಸ್’ ಮುಂದೆ ಪ್ಯಾಕೇಜಿನ ಹೆಸರು ಕೊಟ್ಟರೆ ಅದರ ಎಷ್ಟು ಆವೃತ್ತಿಗಳಿವೆ ಎಂದು ಕಾಣುತ್ತದೆ. ‘ಎನ್‌ಪಿಎಂ ಡಿಡ್ಯೂಪ್’ ಹೊಂದಿಕೆಯಾಗುವ ಆವೃತ್ತಿಗಳನ್ನು ಒಂದಾಗಿಸುತ್ತದೆ. ರಿಯಾಕ್ಟ್ ಎರಡು ಪ್ರತಿ ಇದ್ದರೆ ಹುಕ್ ಕರೆ ತಪ್ಪಾಗಿದೆ ಎಂಬ ಗೊಂದಲದ ಎರರ್ ಬರುವುದುಂಟು, ಅಂಥಲ್ಲಿ ಇದು ಗಾತ್ರಕ್ಕಿಂತ ಮುಖ್ಯ. ಓವರ್‌ರೈಡ್ಸ್ ಎಂಬ ವಿಭಾಗದಲ್ಲಿ ಆವೃತ್ತಿಯನ್ನು ಬಲವಂತವಾಗಿ ಕಟ್ಟಿಹಾಕಬಹುದು. ಅದು ತುರ್ತಿಗೆ ಇರುವ ಉಪಾಯ, ಹಾಕಿದರೆ ತೆಗೆಯುವ ದಿನವನ್ನೂ ಟಿಕೆಟ್‌ನಲ್ಲಿ ಬರೆದಿಡಿ.

ಒಂದೇ ಪ್ರಾಜೆಕ್ಟಿನಲ್ಲಿ ಆಕ್ಸಿಯೋಸ್, ಗಾಟ್, ನೋಡ್-ಫೆಚ್ ಮೂರೂ ಇರುವುದು ಅಪರೂಪವಲ್ಲ. ಮೂರು ತಂಡ, ಮೂರು ಕಾಲ. ಇಲ್ಲಿ ಯಾವುದು ಶ್ರೇಷ್ಠ ಎಂದು ಚರ್ಚೆಗೆ ಕೂರುವ ಬದಲು ಹೆಚ್ಚು ಕಡೆ ಬಳಕೆಯಲ್ಲಿರುವುದನ್ನೇ ಉಳಿಸಿಕೊಂಡು ಉಳಿದೆರಡನ್ನು ತೆಗೆಯುವುದು ಬೇಗ ಮುಗಿಯುವ ದಾರಿ.

ಲಾಕ್‌ಫೈಲಿನಲ್ಲಿ ‘ಹ್ಯಾಸ್‌ಇನ್‌ಸ್ಟಾಲ್‌ಸ್ಕ್ರಿಪ್ಟ್’ ಎಂದು ಹುಡುಕುವುದನ್ನು ತಪ್ಪಿಸಬೇಡಿ. ಇನ್‌ಸ್ಟಾಲ್ ಆಗುವಾಗಲೇ ನಿಮ್ಮ ಯಂತ್ರದಲ್ಲಿ ತಮ್ಮ ಕೋಡು ಓಡಿಸುವ ಪ್ಯಾಕೇಜುಗಳು ಇವು. ಇಂಥ ಸ್ಕ್ರಿಪ್ಟ್ ಇಲ್ಲದೆಯೂ ಒಳಗಿನ ಪದರಗಳಿಂದ ಅಪಾಯ ಬರಬಹುದು. 2018ರಲ್ಲಿ ಇವೆಂಟ್-ಸ್ಟ್ರೀಮ್ ಎಂಬ ಜನಪ್ರಿಯ ಪ್ಯಾಕೇಜಿನ ಒಳಗೆ ಫ್ಲಾಟ್‌ಮ್ಯಾಪ್-ಸ್ಟ್ರೀಮ್ ಎಂಬ ಹೊಸ ಡಿಪೆಂಡೆನ್ಸಿ ಸೇರಿಸಿ, ಅದರ ಮೂಲಕ ಬಿಟ್‌ಕಾಯಿನ್ ವಾಲೆಟ್ ಒಂದಕ್ಕೆ ಕನ್ನ ಹಾಕಲು ಹೊಂಚಲಾಗಿತ್ತು. 2025ರ ಸೆಪ್ಟೆಂಬರ್ 8ರಂದು ಚಾಕ್, ಡೀಬಗ್ ಸೇರಿ ಎಲ್ಲರ ಮರದಲ್ಲೂ ಇರುವಂಥ ಪ್ಯಾಕೇಜುಗಳಿಗೇ ಕೆಟ್ಟ ಆವೃತ್ತಿಗಳು ಬಂದವು. ನಿರ್ವಾಹಕರನ್ನು ಫಿಶಿಂಗ್ ಇಮೇಲ್ ಮೂಲಕ ಮೋಸಗೊಳಿಸಿ ಹಾಗೆ ಮಾಡಿದ್ದರು. ಎರಡರಲ್ಲೂ ಅಪಾಯ ಬಂದದ್ದು ಬಹುತೇಕ ಡೆವಲಪರುಗಳು ಹೆಸರು ಹಿಡಿದು ಇನ್‌ಸ್ಟಾಲ್ ಮಾಡಿಕೊಳ್ಳದ ಒಳಪದರಗಳಿಂದ. ಬೇಡದ ಒಂದು ನೇರ ಡಿಪೆಂಡೆನ್ಸಿ ತೆಗೆದಾಗ ಅದರ ಕೆಳಗಿನ ಇಡೀ ಕೊಂಬೆಯೇ ಹೋಗುತ್ತದೆ, ಆದ್ದರಿಂದ ದೊಡ್ಡ ಕೊಂಬೆಯಿರುವವನ್ನು ಮೊದಲು ಆರಿಸಿಕೊಳ್ಳಿ.

ಬೇರೆ ಭಾಷೆಗಳಲ್ಲಿ

ಗೋ ಬಳಸುವವರದು ಸುಲಭದ ಬದುಕು. ‘ಗೋ ಮಾಡ್ ಟೈಡಿ’ ಬೇಡದ್ದನ್ನು ತೆಗೆದು ಬೇಕಾದದ್ದನ್ನು ಸೇರಿಸುತ್ತದೆ, ‘ಗೋ ಮಾಡ್ ವೈ -ಎಂ’ ಒಂದು ಮಾಡ್ಯೂಲ್ ಯಾಕಿದೆ ಎಂಬ ಸರಪಳಿ ತೋರಿಸುತ್ತದೆ. ರಸ್ಟ್‌ನಲ್ಲಿ ಕಾರ್ಗೋ-ಮಶೆಟಿ ಪಠ್ಯ ಹುಡುಕಿ ಬೇಗ ಹೇಳುತ್ತದೆ, ಕಾರ್ಗೋ-ಯುಡೆಪ್ಸ್ ನೈಟ್ಲಿ ಕಂಪೈಲರಿನಲ್ಲಿ ಕಂಪೈಲ್ ಮಾಡಿ ಹೆಚ್ಚು ಖಚಿತವಾಗಿ ಹೇಳುತ್ತದೆ. ಮೇವನ್‌ನಲ್ಲಿ ‘ಡಿಪೆಂಡೆನ್ಸಿ:ಅನಲೈಜ್’ ಬೈಟ್‌ಕೋಡ್ ನೋಡುತ್ತದೆ, ಹಾಗಾಗಿ ರಿಫ್ಲೆಕ್ಷನ್‌ನಿಂದ ಲೋಡ್ ಆಗುವ ಜೆಡಿಬಿಸಿ ಡ್ರೈವರುಗಳು ಅದಕ್ಕೆ ಕಾಣುವುದಿಲ್ಲ. ಎಕ್ಸ್‌ಪ್ರೆಸ್ ಮತ್ತು ಪಗ್ ಕಥೆಯೇ ಅಲ್ಲಿಯೂ.

ಪೈಥಾನ್‌ನಲ್ಲಿ ತೊಡಕು ಬೇರೆ. ಇನ್‌ಸ್ಟಾಲ್ ಮಾಡುವ ಹೆಸರೂ ಇಂಪೋರ್ಟ್ ಮಾಡುವ ಹೆಸರೂ ಒಂದೇ ಆಗಿರಬೇಕಿಲ್ಲ. ಇಂಪೋರ್ಟ್ ಯಾಮಲ್ ಎಂದರೆ ಪ್ಯಾಕೇಜ್ ಪೈಯಾಮಲ್, ಸಿವಿ2 ಎಂದರೆ ಓಪನ್‌ಸಿವಿ-ಪೈಥಾನ್, ಪಿಐಎಲ್ ಎಂದರೆ ಪಿಲ್ಲೋ, ಬಿಎಸ್4 ಎಂದರೆ ಬ್ಯೂಟಿಫುಲ್‌ಸೂಪ್4. ಬರೀ ಹೆಸರು ಹುಡುಕಿ ತೆಗೆಯಲು ಹೋದರೆ ಇವೆಲ್ಲ ತಪ್ಪಾಗಿ ಹೋಗುತ್ತವೆ. ಡೆಪ್‌ಟ್ರೈ ಈ ಜೋಡಿಗಳನ್ನು ತಿಳಿದುಕೊಂಡೇ ನೋಡುತ್ತದೆ. ಇನ್ನೊಂದು, ‘ಪಿಪ್ ಫ್ರೀಜ್’ನಿಂದ ಬರೆದ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ನೇರವಾಗಿ ಬೇಕಾದದ್ದು, ಬೆನ್ನಿಗೆ ಬಂದದ್ದು ಎರಡೂ ಕಲಸಿಹೋಗಿರುತ್ತವೆ. ‘ಪಿಪ್‌ಡೆಪ್‌ಟ್ರೀ’ ಓಡಿಸಿ ಮೇಲಿನ ಮಟ್ಟದವನ್ನು ಬೇರ್ಪಡಿಸಿ, ಕೈಯಲ್ಲಿ ಬರೆಯುವ ಪಟ್ಟಿ ಒಂದು, ಟೂಲ್ ತಯಾರಿಸುವ ಲಾಕ್ ಪಟ್ಟಿ ಇನ್ನೊಂದು ಎಂದು ಮಾಡಿಕೊಳ್ಳಿ. ‘ಪಿಪ್ ಅನ್‌ಇನ್‌ಸ್ಟಾಲ್’ ಹೆಸರಿಸಿದ್ದನ್ನು ಮಾತ್ರ ತೆಗೆಯುತ್ತದೆ, ಅದರ ಜೊತೆ ಬಂದವು ಉಳಿಯುತ್ತವೆ. ಆದ್ದರಿಂದ ಪ್ರತಿ ಸಲ ಹೊಸ ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲೇ ಪರೀಕ್ಷಿಸಿ.

ಮತ್ತೆ ತುಂಬದಂತೆ

ಸಿಐನಲ್ಲಿ ಕ್ನಿಪ್ ಸೇರಿಸಿ. ಮೊದಲ ದಿನವೇ ಎಲ್ಲ ಬಗೆಯ ತಪಾಸಣೆ ಹಾಕಿದರೆ ಎಕ್ಸ್‌ಪೋರ್ಟುಗಳ ದೂರುಗಳಲ್ಲೇ ತಂಡ ಮುಳುಗಿಹೋಗಿ, ಒಂದು ವಾರದಲ್ಲಿ ಯಾರಾದರೂ ಅದನ್ನು ಆಫ್ ಮಾಡುತ್ತಾರೆ. ‘--ಡಿಪೆಂಡೆನ್ಸೀಸ್’ ಆಯ್ಕೆ ಕೊಟ್ಟು ಪ್ಯಾಕೇಜುಗಳಿಗಷ್ಟೇ ಸೀಮಿತಗೊಳಿಸಿ, ಅದು ರೂಢಿಯಾದ ಮೇಲೆ ಉಳಿದದ್ದು.

ಪಗ್‌ನಂತೆ ಟೂಲಿಗೆ ಕಾಣದ ಆದರೆ ಬೇಕೇಬೇಕಾದ ಪ್ಯಾಕೇಜುಗಳನ್ನು ಇಗ್ನೋರ್‌ಡಿಪೆಂಡೆನ್ಸೀಸ್ ಪಟ್ಟಿಗೆ ಹಾಕಿ. ಕಾನ್ಫಿಗ್ ಫೈಲಿಗೆ ಕ್ನಿಪ್.ಜೇಸನ್‌ಸಿ ಎಂದು ಹೆಸರಿಟ್ಟರೆ ಅದರಲ್ಲಿ ಕಾಮೆಂಟ್ ಬರೆಯಬಹುದು. ಪ್ರತಿ ಹೆಸರಿನ ಮೇಲೆ ಅದನ್ನು ಯಾವ ಫೈಲು, ಯಾವ ಸ್ಟ್ರಿಂಗಿನ ಮೂಲಕ ಲೋಡ್ ಮಾಡುತ್ತದೆ ಎಂದು ಒಂದು ಸಾಲು ಬರೆಯಿರಿ. ಪುಲ್ ರಿಕ್ವೆಸ್ಟ್ ಟೆಂಪ್ಲೇಟಿನಲ್ಲೂ ಒಂದು ಪ್ರಶ್ನೆ ಸೇರಿಸಿ: ಹೊಸ ಪ್ಯಾಕೇಜ್ ಸೇರಿಸಿದ್ದರೆ, ನಮ್ಮ ನೋಡ್ ಆವೃತ್ತಿಯಲ್ಲೇ ಆ ಕೆಲಸ ಆಗುವುದಿಲ್ಲವೇ, ಅದರ ಜೊತೆ ಇನ್ನೆಷ್ಟು ಬರುತ್ತವೆ? ಲಾಕ್‌ಫೈಲಿನ ಡಿಫ್ ಅನ್ನು ಗಿಟ್‌ಹಬ್ ಮಡಿಸಿಟ್ಟು ತೋರಿಸುತ್ತದೆ. ರಿವ್ಯೂ ಮಾಡುವವರು ಅದನ್ನು ಬಿಡಿಸಿ, ಹೊಸದಾಗಿ ಬಂದ ಹೆಸರುಗಳ ಮೇಲೆ ಕಣ್ಣಾಡಿಸಲಿ.

ನೋಡ್‌ನ ಮುಖ್ಯ ಆವೃತ್ತಿ ಏರಿಸುವ ಟಿಕೆಟ್ ತೆರೆದಾಗಲೆಲ್ಲ ಅದರೊಳಗೆ ಹಂತ 6ನ್ನು ಒಂದು ಉಪಕೆಲಸವಾಗಿ ಹಾಕಿ. ಹೊಸ ಆವೃತ್ತಿಯ ಬಿಡುಗಡೆ ಟಿಪ್ಪಣಿಯನ್ನು ಒಂದು ಕಿಟಕಿಯಲ್ಲಿ, ನಿಮ್ಮ ಪ್ಯಾಕೇಜ್.ಜೇಸನ್ ಅನ್ನು ಇನ್ನೊಂದರಲ್ಲಿ ತೆರೆದಿಟ್ಟು ಓದಿ. ಮುಂದೆ ತೆಗೆಯಬೇಕಾದ ಪ್ಯಾಕೇಜಿನ ಹೆಸರು ಆ ಓದಿನಲ್ಲೇ ಸಿಗುತ್ತದೆ.